ಗಾಜಿನ ತೊಟ್ಟಿಯಲ್ಲೊಂದು ಪುಟ್ಟ ಸಮುದ್ರ

ಭೂಮಿ ಬಿಸಿಯನ್ನು ಹೇಗೆ ಹಂಚುತ್ತದೆ ಅಂತ ಮಗಳಿಗೆ ಬಾಯಲ್ಲಿ ಹೇಳಿ ಸೋತೆ. ಕೊನೆಗೆ ತೊಟ್ಟಿ ತಂದೆ.

ಉದ್ದನೆಯ ಗಾಜಿನ ತೊಟ್ಟಿಗೆ ನೀರು ತುಂಬಿ, 10 ನಿಮಿಷ ಸುಮ್ನೆ ಬಿಡಿ. ಅಲುಗಾಟ ನಿಲ್ಲಬೇಕು. ನೀಲಿ ಬಣ್ಣ ಬೆರೆಸಿ ಮಾಡಿದ ಐಸನ್ನು ಒಂದು ತುದಿಯಲ್ಲಿ ತೇಲಿಬಿಡಿ. ಇನ್ನೊಂದು ತುದಿಯಲ್ಲಿ ಕೆಂಪು ಬಿಸಿನೀರನ್ನು ಗೋಡೆಗೆ ತಾಗಿಸಿ, ಹನಿಹನಿಯಾಗಿ ಇಳಿಸಿ. ನಾನು ಮೊದಲ ಸಲ ಸುರಿದುಬಿಟ್ಟೆ, ಎಲ್ಲ ನೇರಳೆ ಆಯ್ತು!

ಈಗ ಪಕ್ಕದಿಂದ ನೋಡಿ. ನೀಲಿ ನೀರು ಮುಳುಗಿ ತಳದಲ್ಲಿ ಹರಿಯುತ್ತದೆ, ಕೆಂಪು ಮೇಲೆ ಹರಡುತ್ತದೆ. ಐಸ್ ಇರುವ ಕಡೆ ಧ್ರುವ, ಕೆಂಪು ಕಡೆ ಸಮಭಾಜಕ ಅಂದುಕೊಳ್ಳಿ. ನಿಜವಾದ ಸಮುದ್ರದಲ್ಲಿ ಉಪ್ಪಿಗೂ ಪಾತ್ರವಿದೆ: ಗ್ರೀನ್‌ಲ್ಯಾಂಡ್ ಸುತ್ತಮುತ್ತ ತಣ್ಣಗಿನ, ಉಪ್ಪು ಜಾಸ್ತಿಯಿರುವ ನೀರು ಭಾರವಾಗಿ ಆಳಕ್ಕೆ ಇಳಿಯುತ್ತದೆ.

ಆಮೇಲೆ ಸ್ಟ್ರಾ ಹಿಡಿದು ಮೇಲ್ಮೈ ಮೇಲೆ ಮೆಲ್ಲಗೆ ಊದಿ. ಕೆಂಪು ಪದರ ಓಡುತ್ತದೆ, ಅಲ್ವಾ? ಗಲ್ಫ್ ಸ್ಟ್ರೀಮ್‌ನಂಥ ಮೇಲ್ಮೈ ಪ್ರವಾಹಗಳನ್ನು ಮುಖ್ಯವಾಗಿ ತಳ್ಳುವುದು ಗಾಳಿಯೇ.

ಗಾಳಿಯದೂ ಇದೇ ಕಥೆ. ಸಮಭಾಜಕದಲ್ಲಿ ಮೇಲೇರಿ, ಮಳೆ ಸುರಿಸಿ, ಸುಮಾರು 30 ಡಿಗ್ರಿ ಅಕ್ಷಾಂಶದ ಹತ್ತಿರ ಒಣಗಿ ಕೆಳಗಿಳಿಯುತ್ತದೆ. ಸಹಾರಾ ಇರುವುದು ಆ ಆಸುಪಾಸಿನಲ್ಲೇ. ಭೂಪಟ ತೆಗೆದು ಬೆರಳಿಟ್ಟು ನೋಡಿ.