ನನ್ನ ಅನುಭವ: ನಿರ್ದೇಶಕರ ಪಕ್ಕದಲ್ಲಿ ನಿಂತವರು

ಶಿರಸಿಯಲ್ಲಿ ನಾವು ಕೆಲವರು ಸೇರಿ ನಡೆಸುವ ಚಿತ್ರ ಪ್ರದರ್ಶನಗಳಲ್ಲಿ ದೊಡ್ಡ ನಿರ್ದೇಶಕರ ಹೆಸರಾಂತ ಚಿತ್ರಗಳ ಜೊತೆಗೆ ಅವರ ಇಳಿವಯಸ್ಸಿನ ಚಿತ್ರಗಳನ್ನೂ ತೋರಿಸುತ್ತೇವೆ. ಚಿತ್ರಗಳನ್ನು ಆರಿಸಿ ಟಿಪ್ಪಣಿ ಬರೆಯುವುದು ನನ್ನ ಪಾಲಿನ ಕೆಲಸ. ‘ಕೊನೆಕೊನೆಗೆ ಅವರ ಕೈ ಸೋತಿತು’ ಎಂದು ಚಿತ್ರ ನೋಡುವ ಮೊದಲೇ ತೀರ್ಪು ಕೊಡುವವರು ಎಲ್ಲೆಡೆ ಇದ್ದಾರೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಆ ಕೈಗೆ ಜೊತೆಯಾಗಿದ್ದ ಕೈಗಳು ಯಾರವು, ಅವು ಯಾವಾಗ ಬಿಟ್ಟುಹೋದವು ಎಂದು ಮೊದಲು ನೋಡಬೇಕು. ಆದ್ದರಿಂದ ನಮ್ಮಲ್ಲಿ ಟೈಟಲ್ ಕಾರ್ಡುಗಳನ್ನು ಓಡಿಸುವುದಿಲ್ಲ. ಒಂದೊಂದನ್ನೂ ನಿಲ್ಲಿಸಿ ಛಾಯಾಗ್ರಹಣ, ಸಂಕಲನ, ಕಲೆ, ಸಂಗೀತದ ಹೆಸರುಗಳನ್ನು ಬೋರ್ಡಿನ ಮೇಲೆ ಬರೆಯುತ್ತೇವೆ. ಅದೇ ನಿರ್ದೇಶಕರ ಎರಡನೆಯ ಚಿತ್ರ ಬಂದಾಗ ಅದರ ಹೆಸರುಗಳು ಪಕ್ಕದಲ್ಲೇ ಬೀಳುತ್ತವೆ.

ನಮ್ಮ ಕಡೆಯ ಜನಕ್ಕೆ ಇದನ್ನು ವಿವರಿಸುವುದು ಕಷ್ಟವಲ್ಲ. ಯಕ್ಷಗಾನದಲ್ಲಿ ಕೆರೆಮನೆ ಶಂಭು ಹೆಗಡೆಯವರ ಪಾತ್ರವನ್ನು ನೆಬ್ಬೂರು ನಾರಾಯಣ ಭಾಗವತರ ಪದ್ಯದೊಡನೆ ಕಂಡವರಿಗೆ, ಹಿಮ್ಮೇಳ ಬದಲಾದರೆ ಅದೇ ವೇಷ ಬೇರೆಯಾಗುತ್ತದೆ ಎಂದು ಹೇಳಿಕೊಡಬೇಕಿಲ್ಲ.

ಸತ್ಯಜಿತ್ ರಾಯ್ ಅವರಿಂದ ಆರಂಭಿಸಿದೆವು. ‘ಅಪರಾಜಿತೊ’ (1956) ಚಿತ್ರದ ಕಾಶಿಯ ಮನೆಯನ್ನು ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಕಟ್ಟಿದ್ದು ಕೋಲ್ಕತ್ತಾದ ಸ್ಟುಡಿಯೊ ಒಳಗೆ. ಅಂಗಳವಿರುವ ಮನೆಗೆ ಆಕಾಶದ ಬೆಳಕು ಬೇಕಲ್ಲ? ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಅದರತ್ತ ತಿರುಗಿಸಿ, ಪ್ರತಿಫಲಿಸಿ ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ಬಾಯಿಮಾತಿನಲ್ಲಿ ಹೇಳಿದರೆ ಸಾಲದೆಂದು ನಾನು ಇಬ್ಬರ ಕೈಗೆ ಒಂದು ಬಿಳಿ ಪಂಚೆ ಕೊಟ್ಟು ಎತ್ತಿ ಹಿಡಿಯಲು ಹೇಳಿದೆ. ಸಭಾಂಗಣದ ದೀಪ ಆರಿಸಿ, ಟೇಬಲ್ ಲ್ಯಾಂಪನ್ನು ಎದುರಿಗಿದ್ದ ಹುಡುಗನ ಮುಖಕ್ಕೆ ನೇರವಾಗಿ ಹಿಡಿದೆ. ಮೂಗಿನ ನೆರಳು ಕೆನ್ನೆಯ ಮೇಲೆ ಕತ್ತರಿಸಿದಂತೆ ಬಿತ್ತು. ಅದೇ ದೀಪವನ್ನು ಮೇಲಕ್ಕೆ, ಪಂಚೆಯತ್ತ ತಿರುಗಿಸಿದಾಗ ಆ ನೆರಳಿನ ಅಂಚು ಕರಗಿತು. ‘ನಮ್ಮ ಮನೆಯ ಜಗುಲಿಯ ಬೆಳಕು ಹೀಗೇ ಇರುತ್ತದೆ’ ಎಂದರು ಒಬ್ಬ ಅಜ್ಜಿ. ಬೆಳಕಿನ ಬಗ್ಗೆ ನಾನು ಬರೆದಿಟ್ಟುಕೊಂಡಿದ್ದ ಎರಡು ಪುಟಗಳನ್ನು ಆಮೇಲೆ ಓದುವ ಅಗತ್ಯ ಬೀಳಲಿಲ್ಲ.

ಮಿತ್ರ 1966ರ ‘ನಾಯಕ್’ ನಂತರ ರಾಯ್ ಜೊತೆ ಕೆಲಸ ಮಾಡಲಿಲ್ಲ. ಅಷ್ಟರಲ್ಲಿ ರಾಯ್ 1961ರ ‘ತೀನ್ ಕನ್ಯಾ’ದಿಂದ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಸಂಯೋಜಿಸತೊಡಗಿದ್ದರು, ‘ಚಾರುಲತಾ’ದಿಂದ ಕ್ಯಾಮೆರಾವನ್ನೂ ತಾವೇ ನಡೆಸುತ್ತಿದ್ದರು. ಬೋರ್ಡಿನಲ್ಲಿ ಹೆಸರುಗಳು ಕಡಿಮೆಯಾಗುತ್ತಾ ಒಂದೇ ಹೆಸರು ಮತ್ತೆಮತ್ತೆ ಬರುವುದನ್ನು ಎಲ್ಲರೂ ಕಂಡರು. ಕೊನೆಯವರೆಗೂ ಅಳಿಯದೆ ಉಳಿದದ್ದು ಸಂಕಲನಕಾರ ದುಲಾಲ್ ದತ್ತ ಅವರ ಹೆಸರು.

1983ರಲ್ಲಿ ‘ಘರೆ ಬೈರೆ’ ಚಿತ್ರೀಕರಣದ ಹೊತ್ತಿಗೆ ರಾಯ್ ಅವರಿಗೆ ಹೃದಯಾಘಾತವಾಯಿತು. ಉಳಿದ ಭಾಗವನ್ನು ಮಗ ಸಂದೀಪ್ ಮುಗಿಸಿದರು. ವರ್ಷಗಳ ಬಿಡುವಿನ ನಂತರ ಬಂದ ‘ಗಣಶತ್ರು’ (1989) ಬಹುಪಾಲು ಕೋಣೆಗಳೊಳಗೇ ನಡೆಯುತ್ತದೆ, ಏಕೆಂದರೆ ಹೊರಾಂಗಣದ ಓಡಾಟಕ್ಕೆ ವೈದ್ಯರು ಒಪ್ಪಿರಲಿಲ್ಲ. ‘ಇದು ನಾಟಕದ ಹಾಗಿದೆ’ ಎಂಬ ಆಕ್ಷೇಪ ನಮ್ಮಲ್ಲೂ ಬಂತು. ಮೂಲವೇ ಇಬ್ಸೆನ್ ನಾಟಕ ಎನ್ನುವುದು ಅರ್ಧ ಉತ್ತರ. ಉಳಿದರ್ಧಕ್ಕೆ ಒಂದು ದೃಶ್ಯವನ್ನು ಧ್ವನಿ ತೆಗೆದು ಮತ್ತೆ ಹಾಕಿದೆ. ಯಾರು ಮಾತನಾಡುತ್ತಿದ್ದಾರೆ ಎನ್ನುವುದಕ್ಕಿಂತ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದರ ಮೇಲೆ ಕಣ್ಣಿಡಿ ಎಂದೆ. ನನ್ನ ಮಟ್ಟಿಗೆ ‘ಗಣಶತ್ರು’ ‘ಚಾರುಲತಾ’ದ ಎತ್ತರದ ಚಿತ್ರವಲ್ಲ. ಆದರೆ ಓಡಾಡಲಾಗದ ಮನುಷ್ಯ ತನಗೆ ಉಳಿದಿದ್ದ ಕೋಣೆ, ಮುಖ, ಮಾತು ಇಷ್ಟನ್ನೇ ನಂಬಿ ತೆಗೆದ ಚಿತ್ರ ಅದು. ಅದನ್ನು ಆ ಗೌರವದಿಂದಲೇ ನೋಡಬೇಕು.

ಉಪಶೀರ್ಷಿಕೆಯ ಕೆಲಸಕ್ಕೆ ನಾವೂ ಇಬ್ಬರು. ಕೋಲ್ಕತ್ತಾದಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದ ಹಿರಿಯರೊಬ್ಬರು ಬಂಗಾಳಿ ಕೇಳಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆಯುತ್ತೇನೆ. ಕನ್ನಡದ ಪದಗಳು ಉದ್ದ, ಎರಡು ಸಾಲಿಗೆ ಮೀರಿದರೆ ಜನ ಮುಖ ಬಿಟ್ಟು ಅಕ್ಷರ ನೋಡುತ್ತಾರೆ. ಸಂಬೋಧನೆ, ‘ಹೌದು’, ‘ಅಯ್ಯೋ’ ಎಲ್ಲ ತೆಗೆಯುತ್ತೇನೆ. ದನಿಯಲ್ಲೇ ಅವು ತಿಳಿಯುತ್ತವೆ. ಕೆಳಸಾಲಿನ ಒತ್ತಕ್ಷರ ಪರದೆಯ ಅಂಚಿನಲ್ಲಿ ಕತ್ತರಿಸಿಹೋಗದಂತೆ ಸಾಲನ್ನು ತುಸು ಮೇಲೆ ಇಡಬೇಕು. ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಸಂಭಾಷಣೆಯೇ ಪ್ರಧಾನವಾದ ಚಿತ್ರ ಹಾಕುವುದಿಲ್ಲ.

ಮಳೆಗಾಲಕ್ಕೆ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಒದಗಿದರು. ನಟ ತೊಶಿರೊ ಮಿಫುನೆ ಅವರೊಡನೆ 16 ಚಿತ್ರ ಮಾಡಿ, 1965ರ ‘ರೆಡ್ ಬಿಯರ್ಡ್’ ನಂತರ ಅವರಿಬ್ಬರೂ ಮತ್ತೆ ಕೂಡಿ ಕೆಲಸ ಮಾಡಲಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತು. ಹೋದವರ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಬಂದವರ ಕಥೆ ನನಗೆ ಹೆಚ್ಚು ಪ್ರಿಯ. ‘ಗಾಡ್ಜಿಲ್ಲಾ’ (1954) ನಿರ್ದೇಶಿಸಿ ಹೆಸರು ಮಾಡಿದ್ದ ಇಶಿರೊ ಹೊಂಡಾ ಸಹಾಯಕ ನಿರ್ದೇಶಕರಾಗಿದ್ದ ದಿನಗಳಿಂದ ಕುರೊಸಾವಾ ಅವರ ಗೆಳೆಯ. 1980ರ ‘ಕಾಗೆಮುಶಾ’ದಿಂದ 1993ರ ‘ಮಾದಾದಾಯೊ’ವರೆಗೆ ಅವರು ಗೆಳೆಯನ ಪಕ್ಕದಲ್ಲಿ ನಿಂತು ದುಡಿದರು. ಸ್ವತಃ ನಿರ್ದೇಶಕನಾಗಿ ಗೆದ್ದವನು ಇನ್ನೊಬ್ಬನ ಚಿತ್ರಕ್ಕಾಗಿ ತನ್ನ ಕೊನೆಯ ವರ್ಷಗಳನ್ನು ಕೊಡುವುದು ಸಣ್ಣ ಮಾತಲ್ಲ. ‘ರಾನ್’ (1985) ಮುಗಿದ ಮೇಲೆ ಬೋರ್ಡಿನಲ್ಲಿ ಹೊಂಡಾ ಹೆಸರಿನ ಕೆಳಗೆ ಯಾರೋ ಗೆರೆ ಎಳೆದಿದ್ದರು.

ಕನ್ನಡಕ್ಕೆ ಬಂದಾಗ ಚರ್ಚೆ ಇನ್ನೂ ಬಿಸಿಯಾಯಿತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977), ‘ಗುಲಾಬಿ ಟಾಕೀಸು’ (2008) ಎರಡಕ್ಕೂ ಛಾಯಾಗ್ರಾಹಕ ಎಸ್. ರಾಮಚಂದ್ರ. ನಡುವಿನ ‘ದ್ವೀಪ’ಕ್ಕೆ (2002) ಎಚ್.ಎಂ. ರಾಮಚಂದ್ರ. ಹೆಸರು ಒಂದೇ ಆದ್ದರಿಂದ ಇಬ್ಬರನ್ನೂ ಒಬ್ಬರೆಂದು ತಿಳಿಯುವವರು ಬಹಳ. ಇನಿಷಿಯಲ್ಲುಗಳನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ‘ಘಟಶ್ರಾದ್ಧ’ದ ಕಪ್ಪು ಬಿಳುಪಿನ ಅಗ್ರಹಾರ, ‘ಗುಲಾಬಿ ಟಾಕೀಸು’ವಿನ ಬಣ್ಣದ ಕರಾವಳಿ ಒಬ್ಬರದೇ ಕಣ್ಣಿನವು ಎಂದು ಅಂಕೋಲೆಯಿಂದ ಬಂದಿದ್ದ ತರುಣಿಗೆ ನಂಬಿಕೆಯಾಗಲಿಲ್ಲ. ಮನೆಯೊಳಗಿನ ದೃಶ್ಯಗಳನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದಳು. ಪೂರ್ತಿ ಒಪ್ಪದೆಯೇ ಹೊರಟಳು.

ಮುಂದಿನ ಸರದಿ ಗಿರೀಶ ಕಾರ್ನಾಡರದು. ಅವರ ಬಾಲ್ಯ ಕಳೆದದ್ದು ನಮ್ಮ ಶಿರಸಿಯಲ್ಲೇ. ‘ಕಾಡು’ (1973) ಚಿತ್ರಕ್ಕೆ ಗೋವಿಂದ ನಿಹಲಾನಿ ಕ್ಯಾಮೆರಾ, ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರಕ್ಕೆ ಎ.ಕೆ. ಬೀರ್. ಹೊನ್ನಾವರದ ಶಂಕರ್ ನಾಗ್ ಅದರಲ್ಲಿ ನಟಿಸಿದ್ದರಿಂದ ಕರಾವಳಿಯವರೂ ಘಟ್ಟ ಹತ್ತಿ ಬರುತ್ತಾರೆ ಎಂಬ ಭರವಸೆ ನನಗಿದೆ. 1999ರ ‘ಕಾನೂರು ಹೆಗ್ಗಡಿತಿ’ಯನ್ನು ‘ಕಾಡು’ ತೋರಿಸಿದ ಮರುವಾರವೇ ಇಡಬೇಕು ಎಂಬುದು ನನ್ನ ಹಟ. ಎರಡೂ ಬೋರ್ಡಿನ ಮೇಲೆ ಅಕ್ಕಪಕ್ಕದಲ್ಲಿದ್ದಾಗಲೇ ಮಾತು ಶುರುವಾಗಲಿ.