ಇಷಾಪುರದ 2ಎ1 ರೈಫಲ್: ಅಂಗಡಿಯಲ್ಲಿ ನಾನು ನೋಡಿ ಖರೀದಿಸುವ ಬಗೆ

ಅಮೆರಿಕದ ಬಂದೂಕಿನಂಗಡಿಗಳಲ್ಲಿ ಸೈನ್ಯದಿಂದ ವಿಲೇವಾರಿಯಾದ ರೈಫಲ್‌ಗಳ ಸಾಲಿನಲ್ಲಿ ಇಷಾಪುರದ್ದು ಆಗಾಗ ಕಣ್ಣಿಗೆ ಬೀಳುತ್ತದೆ. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆ 1960ರ ದಶಕದಿಂದ ಮಾಡಿದ ಮಾಲು. ಬ್ರಿಟಿಷರ ಹಳೆಯ .303 ಲೀ-ಎನ್‌ಫೀಲ್ಡ್ ರೈಫಲನ್ನೇ ತಿದ್ದಿದ್ದೆಂದು ಮಾರುವವರೇ ಹೇಳುವುದುಂಟು, ನಂಬಬೇಡಿ, 7.62 ನೇಟೊ ತೋಟಾಕ್ಕೆಂದೇ ಹೊಸದಾಗಿ ಕಟ್ಟಿದ್ದು. ಚೌಕನೆಯ ಮ್ಯಾಗಜಿನ್, 12 ತೋಟಾ. ಗುರಿ ಹಿಡಿಯುವ ಹಿಂದಿನ ಸೈಟ್‌ನಲ್ಲಿ ದೂರದ ಅಂಕಿ 800ರವರೆಗಿದ್ದರೆ 2ಎ1, 2000ದವರೆಗಿದ್ದರೆ 2ಎ. (ಊರಿನವರು ಆಸೆಪಡುವಂತಿಲ್ಲ, ಭಾರತದಲ್ಲಿ ಇದು ನಿಷೇಧಿತ ಬೋರ್, ಅಂದರೆ ನಳಿಗೆಯ ಅಳತೆ.)

ಮೊದಲು ಬೋಲ್ಟ್ (ತೋಟಾವನ್ನು ಒಳತಳ್ಳಿ ಮುಚ್ಚುವ, ಹಿಡಿಯಿರುವ ಉಕ್ಕಿನ ದಂಡ) ತೆರೆದು, ತೋಟಾ ಕೂರುವ ಚೇಂಬರ್‌ಗೆ ಬೆರಳು ಹಾಕಿ ಖಾಲಿಯೆಂದು ಖಚಿತಪಡಿಸಿಕೊಳ್ಳುತ್ತೇನೆ. ಆಮೇಲೆ ಅಂಗಡಿಯವರನ್ನು ಕೇಳಿ ಬೋಲ್ಟನ್ನು ಪೂರ್ತಿ ಹಿಂದೆಳೆದು, ಅದರ ತಲೆಯನ್ನು ಮೇಲಕ್ಕೆ ತಿರುಗಿಸಿ ಹೊರತೆಗೆಯುವುದು. ಬೋಲ್ಟ್ ಹಿಡಿಯ ಹಿಂಬದಿಯ ನಂಬರೂ ಬಾಡಿಯ ನಂಬರೂ ಒಂದೇ ಇರಬೇಕು. ಬೇರೆ ಬೋಲ್ಟಾದರೆ ಅದರ ಲಗ್‌ಗಳು (ಬಾಡಿಯಲ್ಲಿ ಸಿಕ್ಕಿ ಬೋಲ್ಟನ್ನು ಬಿಗಿಹಿಡಿಯುವ ಉಬ್ಬುಗಳು) ಈ ಬಾಡಿಗೆ ಸರಿಯಾಗಿ ಕೂತಿರುವ ಖಾತರಿಯಿಲ್ಲ.

ನಳಿಗೆಯಲ್ಲಿ ಒಣ ಬಟ್ಟೆ ಎಳೆಯದೆ ದೀಪ ಹಿಡಿಯಬೇಡಿ, ಗ್ರೀಸ್ ತುಂಬಿದ ತುಕ್ಕಿನ ಗುಳಿಗಳೂ ನುಣುಪಾಗಿ ಕಾಣುತ್ತವೆ. ಒಳಗೆ ಬರೀ ಕಪ್ಪಾಗಿದ್ದರೆ ಚಿಂತೆಯಿಲ್ಲ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ ಅಂಚು ಸವೆದು ದುಂಡಗಾಗಿದ್ದರೆ ಬಿಟ್ಟುಬಿಡಿ. ಮದ್ದಿಲ್ಲದ ಡಮ್ಮಿ ತೋಟಾದ ಗುಂಡನ್ನು ನಳಿಗೆಯ ಬಾಯಿಗೆ ತಲೆಕೆಳಗಾಗಿ ಇಳಿಸಿ ನೋಡಿ. ಹಿತ್ತಾಳೆಯ ಅಂಚಿನವರೆಗೂ ಗುಂಡು ಮುಳುಗಿದರೆ ಸಾಫ್ ಮಾಡುವ ಹಗ್ಗವೇ ಆ ಬಾಯನ್ನು ತಿಂದಿದೆ.

ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ಒಳಗೆ ತೋಟಾಕ್ಕೆ ಉಳಿಯುವ ಜಾಗ, ಆ ವಿಷಯದಲ್ಲೇ ಹೆಚ್ಚು ಗೊಂದಲ. ಅದನ್ನು ಅಳೆಯುವ ಉಕ್ಕಿನ ತುಂಡೇ ಗೇಜ್; ನಾಗರಿಕರ ತೋಟಾ .308 ವಿಂಚೆಸ್ಟರ್‌ನ ಫೀಲ್ಡ್ ಗೇಜ್ (ಕೊನೆಯ ಮಿತಿಯದು) 1.638 ಇಂಚು, ನೇಟೊದ್ದು 1.6455. ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಿತೆಂದು ಒಳ್ಳೆಯ ರೈಫಲನ್ನು ತಳ್ಳಿಹಾಕುವವರಿದ್ದಾರೆ. ಎರಡನೆಯದರ ಮೇಲೂ ಮುಚ್ಚಿದರೆ ಮಾತ್ರ ನಾನು ಕೈಬಿಡುತ್ತೇನೆ. ಗೇಜ್ ಹಾಕುವಾಗ ಎಕ್ಸ್‌ಟ್ರಾಕ್ಟರ್ (ಖಾಲಿ ತೋಟಾ ಹೊರಗೆಳೆಯುವ ಕೊಕ್ಕೆ) ಬಿಚ್ಚಿರಲಿ, ಬೆರಳತುದಿಯ ಒತ್ತಡಕ್ಕಿಂತ ಹೆಚ್ಚು ಬೇಡ. ಲೀ-ಎನ್‌ಫೀಲ್ಡಿನ ನಂ. 4 ರೈಫಲ್‌ಗೆ ಹೆಡ್‌ಸ್ಪೇಸ್ ಸರಿಪಡಿಸಲು 0ಯಿಂದ 3ರವರೆಗೆ ಅಳತೆಯ ಬೋಲ್ಟ್ ತಲೆಗಳಿವೆ, ಇದು ನಂ. 1ರ ವಂಶದ್ದು, ಅಂಕಿಯ ಸೌಲಭ್ಯವಿಲ್ಲ, ಒಂದೊಂದೇ ಹಾಕಿ ನೋಡಬೇಕು. ಮುಂದಿನ ಮರಕ್ಕೆ ತಂತಿ ಸುತ್ತಿದ್ದು ಗ್ರೆನೇಡ್ ಹಾರಿಸಲು ಬಳಸಿದ್ದು. 'ಡಿಪಿ' ಎಂದು ಒತ್ತಿದ್ದು ಕವಾಯತಿಗೆ ಮಾತ್ರ. ಎರಡನ್ನೂ ಗೋಡೆಗೆ ತೂಗುಹಾಕಬಹುದಷ್ಟೇ, ಹೊಡೆಯಲು ಬೇಡ.

ಬಂದೂಕು ಕೊಳ್ಳಲು ಅಮೆರಿಕದಲ್ಲಿ ತುಂಬಬೇಕಾದ ಫಾರ್ಮ್ 4473 ತುಂಬಿ, ಹಿನ್ನೆಲೆಯ ತಪಾಸಣೆ ಮುಗಿಸಿ ಮನೆಗೆ ತಂದ ಮೇಲೆ ಬಿಚ್ಚುವ ಕ್ರಮ ಮುಖ್ಯ. ಮುಂದಿನ ಮರ ಮೊದಲು, ಬಟ್ (ಹೆಗಲಿಗಾನಿಸುವ ಮರ) ಆಮೇಲೆ. ಬಟ್ಟನ್ನು ಬಿಗಿದ ಉದ್ದ ತಿರುಪಿನ ತುದಿ ಚೌಕ. ಅದು ಮುಂದಿನ ಮರದೊಳಗಿನ ತಗಡಿನಲ್ಲಿ ಕೂತಿರುತ್ತದೆ. ಮೊದಲು ಅದನ್ನೇ ತಿರುಗಿಸಿದರೆ ಮರ ಸೀಳಿಹೋಗುತ್ತದೆ. ಮೂತಿಯ ಕಬ್ಬಿಣದ ಟೋಪಿ ತೆಗೆಯುವಾಗ ಕೆಳಗೆ ಬಟ್ಟೆ ಹಾಸಿಕೊಳ್ಳಿ, ನಳಿಗೆಯನ್ನು ಮೇಲಕ್ಕೊತ್ತುವ ಪುಟ್ಟ ಸ್ಪ್ರಿಂಗ್ ಮತ್ತು ಅದರ ಗುಬುಟು ಅಲ್ಲೇ ಅಡಗಿರುತ್ತವೆ. ಅವಿಲ್ಲದೆ ಜೋಡಿಸಿದರೆ ಗುರಿ ಚದುರುತ್ತದೆ.

ಲೋಹದ ಗ್ರೀಸ್‌ಗೆ ಮಿನರಲ್ ಸ್ಪಿರಿಟ್ಸ್ ಸಾಕು. ಮರವನ್ನು ಕಾಗದದ ಟವೆಲ್‌ನಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟರೆ ಜಿಡ್ಡು ತಾನಾಗಿ ಸೂಸುತ್ತದೆ. ಒಲೆ ಬೇಡ, ಮರಳು ಕಾಗದವಂತೂ ಬೇಡವೇ ಬೇಡ, ಕಾರ್ಖಾನೆಯ ಮುದ್ರೆಗಳು ಅಳಿದುಹೋಗುತ್ತವೆ.

ಮೊದಲ ಸಲ ಹೊಡೆದಾಗ ಪ್ರತಿ ಖಾಲಿ ತೋಟಾದ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರವಿದೆಯೇ ನೋಡಿ, ತುದಿ ಬಗ್ಗಿಸಿದ ತಂತಿಯಿಂದ ಒಳಗೂ ಸವರಿ. ಅಲ್ಲಿ ತೋಡು ತಗುಲಿದರೆ ಹಿತ್ತಾಳೆ ತುಂಡಾಗುವ ಹಂತದಲ್ಲಿದೆ. ಗುಂಡು ಹಾರಿಸುವುದು ನಿಲ್ಲಿಸಿ ಬೋಲ್ಟ್ ತಲೆ ಬದಲಿಸಿ, ಮತ್ತೆ ಗೇಜ್ ಹಾಕಿ.