ಅಳಿವೆಯಲ್ಲಿ ಫ್ಲೈ ಫಿಶಿಂಗ್: ಮಳೆಗಾಲದಲ್ಲೇ ಮಾಡಿಕೊಳ್ಳಬೇಕಾದ ಸಿದ್ಧತೆ

ಸ್ಕಾಟ್ಲೆಂಡಿನಲ್ಲಿ ಕಂದು ಟ್ರೌಟ್ ಮೀನಿಗೆ ಗಾಳ ಹಾಕುವ ಋತು ಪ್ರತಿವರ್ಷ ಮಾರ್ಚ್ 15ರಂದು ಆರಂಭವಾಗಿ ಅಕ್ಟೋಬರ್ 6ಕ್ಕೆ ಮುಗಿಯುತ್ತದೆ. ಮಂಗಳೂರು, ಉಡುಪಿ ಕಡೆಯ ಅಳಿವೆಗಳಲ್ಲಿ ಫ್ಲೈ ರಾಡ್ ಹಿಡಿದು ನಿಲ್ಲುವವರಿಗೆ ಅಂಥ ದಿನಾಂಕವಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರೀಕೃತ ದೋಣಿಗಳಿಗೆ ಸಂಬಂಧಿಸಿದ್ದು. ಆಗಸ್ಟ್‌ನಲ್ಲಿ ಮಲ್ಪೆ ಬಂದರಿನಿಂದ ಬೋಟುಗಳು ಕಡಲಿಗಿಳಿದ ಮಾತ್ರಕ್ಕೆ ನಮ್ಮ ಕಾಲವೂ ಬಂತೆಂದು ತಿಳಿಯಬಾರದು. ನೇತ್ರಾವತಿ, ಸ್ವರ್ಣಾ, ಸೀತಾ ನದಿಗಳು ಆಗಲೂ ಕೆಂಪು ನೀರನ್ನೇ ಹೊತ್ತು ತರುತ್ತಿರುತ್ತವೆ. ಗರಿ ಮತ್ತು ಕೂದಲಿನಿಂದ ಕಟ್ಟಿದ ಹುಸಿ ಎರೆಯಾದ ಫ್ಲೈಗೆ ನಿಜವಾದ ಎರೆಯ ವಾಸನೆಯಿಲ್ಲ, ಮೀನು ಅದನ್ನು ಕಣ್ಣಿನಿಂದಲೇ ಗುರುತಿಸಬೇಕು; ಆದ್ದರಿಂದ ಮೊಣಕಾಲುದ್ದದ ನೀರಿನಲ್ಲಿ ನಿಂತಾಗ ನಿಮ್ಮ ಪಾದ ನಿಮಗೆ ಕಾಣುವಂತಾದ ದಿನವೇ ಋತು ಆರಂಭವಾಯಿತೆಂದು ಲೆಕ್ಕ. ಸಾಮಾನ್ಯವಾಗಿ ಅದು ನವರಾತ್ರಿಗೂ ದೀಪಾವಳಿಗೂ ನಡುವೆ ಬರುತ್ತದೆ. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಸಾಕಷ್ಟಿದೆ, ಮತ್ತು ಋತುವಿನ ಫಲ ಬಹುಪಾಲು ಆ ಕೆಲಸದ ಮೇಲೆಯೇ ನಿಂತಿರುತ್ತದೆ.

ಮೊದಲು ಲೈನನ್ನು ನೋಡಿ. ಸಾಧಾರಣ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದೊಯ್ದರೆ, ಫ್ಲೈ ಫಿಶಿಂಗ್‌ನಲ್ಲಿ ದಪ್ಪ ಲೈನಿನ ಭಾರವೇ ಹಗುರವಾದ ಫ್ಲೈಯನ್ನು ಹೊತ್ತೊಯ್ಯುತ್ತದೆ. ತಂಪು ದೇಶದ ಟ್ರೌಟ್ ಮೀನಿಗಾಗಿ ತಯಾರಿಸಿದ ಲೈನಿನ ಮೇಲ್ಪದರ ನಮ್ಮ ಬಿಸಿಲಿನಲ್ಲಿ ಮೆದುವಾಗಿ, ಅಂಟಂಟಾಗಿ, ರಾಡಿನ ಬಳೆಗಳಲ್ಲಿ ಸಲೀಸಾಗಿ ಜಾರುವುದಿಲ್ಲ. ಹೊಸ ಲೈನ್ ಕೊಳ್ಳುವುದಾದರೆ ಉಷ್ಣವಲಯದ ಉಪ್ಪುನೀರಿಗೆಂದೇ ಮಾಡಿದ್ದನ್ನು ಕೊಳ್ಳಿ. ಹಣ ಒಂದೇ ಕಡೆ ಹಾಕಲು ಸಾಧ್ಯವಿದ್ದರೆ ದುಬಾರಿ ರಾಡಿಗಿಂತ ಒಳ್ಳೆಯ ಲೈನಿಗೆ ಹಾಕುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಳೆಯ ಲೈನ್ ಇದ್ದರೆ ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಸಾಬೂನಿನಿಂದ ತೊಳೆದು, ಬೆರಳುಗಳ ನಡುವೆ ನಿಧಾನವಾಗಿ ಹಾಯಿಸಿ ಬಿರುಕುಗಳಿವೆಯೇ ಎಂದು ಪರೀಕ್ಷಿಸಿ, ಸುರುಳಿ ಹೋಗುವಂತೆ ಎಳೆದು ಒಣಗಿಸಿ. ಅಳಿವೆಯ ಮೀನುಗಳಿಗೆ 9 ಅಡಿಯ, 8ನೆಯ ತೂಕದ (ಅಂದರೆ 8ನೆಯ ಸಂಖ್ಯೆಯ ಲೈನಿಗೆ ಹೊಂದುವ) ರಾಡ್ ಸಾಕಾಗುತ್ತದೆ. ಮಳೆಗಾಲದ ತೇವಕ್ಕೆ ರೀಲಿನ ಬ್ರೇಕ್ ಹಿಡಿದುಕೊಳ್ಳುವುದುಂಟು, ಆದ್ದರಿಂದ ಅದನ್ನು ಸಡಿಲಿಸಿಡಿ.

ಫ್ಲೈ ಕಟ್ಟುವುದಕ್ಕೆ ತುಳುವರ ಆಟಿ ತಿಂಗಳ ಬಿಡುವಿಲ್ಲದ ಮಳೆಗಿಂತ ಒಳ್ಳೆಯ ಕಾಲವಿಲ್ಲ. ನಮ್ಮ ಅಳಿವೆಗಳಿಗೆ ಎರಡು ವಿನ್ಯಾಸಗಳು ಸಾಕು. ಒಂದು, ಅಮೆರಿಕದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ರೂಪಿಸಿದ ಕ್ಲೌಸರ್ ಮಿನ್ನೋ. ಇನ್ನೊಂದು, ಲೆಫ್ಟಿ ಕ್ರೇ ಅವರು 1950ರ ದಶಕದ ಕೊನೆಯಲ್ಲಿ ರೂಪಿಸಿದ, 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂದ ಡಿಸೀವರ್. ಕ್ಲೌಸರ್‌ನಲ್ಲಿ ಭಾರವಾದ ಲೋಹದ ಕಣ್ಣುಗಳನ್ನು ಕೊಕ್ಕೆಯ ಕಡ್ಡಿಯ ಮೇಲ್ಭಾಗಕ್ಕೆ ಕಟ್ಟುವುದರಿಂದ ಅದು ನೀರಿನಲ್ಲಿ ಮಗುಚಿಕೊಂಡು, ಕೊಕ್ಕೆಯ ಮೊನೆ ಮೇಲ್ಮುಖವಾಗಿ ಸಾಗುತ್ತದೆ. ಮರುವಾಯಿ ಚಿಪ್ಪು, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳಿರುವ ತಳದಲ್ಲಿ ಇದು ದೊಡ್ಡ ಅನುಕೂಲ. ಬಿಳಿಯ ಮೇಲೆ ತಿಳಿಹಸಿರು ಮರಿಮೀನನ್ನೂ, ತೆಳು ಕಂದು ಬಣ್ಣ ಎಟ್ಟಿಯನ್ನೂ (ಸಿಗಡಿ) ಹೋಲುತ್ತದೆ. ಡಿಸೀವರ್‌ಗೆ ಬೇಕಾದ ಉದ್ದನೆಯ ಗರಿಗೆ ಪರದೇಶದ ಪೊಟ್ಟಣವನ್ನೇ ಕಾಯಬೇಕಿಲ್ಲ, ಊರ ಹುಂಜದ ಕುತ್ತಿಗೆಯ ಗರಿ ಚೆನ್ನಾಗಿ ಒದಗುತ್ತದೆ. ಗರಿ ಮತ್ತು ಕೂದಲನ್ನು ನುಸಿಗುಳಿಗೆ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡದಿದ್ದರೆ ಹುಳವೂ ಬೂಸ್ಟೂ ಹಿಡಿಯುತ್ತವೆ. ಕೊಕ್ಕೆಗಳ ಹಿಮ್ಮುಳ್ಳನ್ನು ಕಟ್ಟುವಾಗಲೇ ಇಕ್ಕಳದಿಂದ ಒತ್ತಿಬಿಡಿ.

ಮಳೆ ಹೊಳವಾದ ಸಂಜೆಗಳಲ್ಲಿ ಹುಲ್ಲಿನ ಮೈದಾನಕ್ಕೆ ಹೋಗಿ, ಕೊಕ್ಕೆಯ ಬದಲು ಉಣ್ಣೆಯ ತುಂಡು ಕಟ್ಟಿ, ಎಸೆತದ ಅಭ್ಯಾಸ ಮಾಡಬೇಕು. ಕಾಂಕ್ರೀಟಿನ ಮೇಲೆ ಮಾಡಿದರೆ ಲೈನ್ ಸವೆಯುತ್ತದೆ. ದೂರಕ್ಕಿಂತ ಮುಖ್ಯವಾದದ್ದು ಗಾಳಿಯನ್ನು ನಿಭಾಯಿಸುವುದು, ಏಕೆಂದರೆ ಒಣ ತಿಂಗಳುಗಳಲ್ಲಿ ಬೆಳಗಿನ ನೆಲಗಾಳಿ ಅಡಗಿದ ಮೇಲೆ ಹೊತ್ತೇರುತ್ತಿದ್ದಂತೆ ಪಡುವಣದಿಂದ ಕಡಲಗಾಳಿ ಏಳುತ್ತದೆ. ಕೋಡಿ ಬೆಂಗ್ರೆಯಂಥ ಮರಳ ನಾಲಿಗೆಯ ಮೇಲೆ ಹೊಳೆಯತ್ತ ಮೂಡಣಕ್ಕೆ ಮುಖ ಮಾಡಿ ನಿಂತಾಗ ಆ ಗಾಳಿ ಬೆನ್ನಿಗೆ ಬೀಸುತ್ತದೆ. ಆಗ ಹಿಂದಕ್ಕೆ ಎಸೆಯುವುದನ್ನು ತಗ್ಗಾಗಿ, ಬಲವಾಗಿ ಎಸೆದು, ಮುಂದಕ್ಕೆ ಎಸೆಯುವುದನ್ನು ಎತ್ತರಿಸಬೇಕು, ಉಳಿದದ್ದನ್ನು ಗಾಳಿಯೇ ಮಾಡುತ್ತದೆ. ಬಲಗೈಯವರು ತೆಂಕಣಕ್ಕೆ ಮುಖ ಮಾಡಿದರೆ ಗಾಳಿ ಬಲಗಡೆಯಿಂದ ಬಂದು ಕೊಕ್ಕೆಯನ್ನು ಮುಖದತ್ತ ತಳ್ಳುತ್ತದೆ. ಅಂಥಲ್ಲಿ ಜಾಗ ಬದಲಿಸುವುದೇ ಮೇಲು. ಕನ್ನಡಕ, ಟೊಪ್ಪಿ ಎರಡನ್ನೂ ಬಿಡಬೇಡಿ.

ಇಷ್ಟಾದರೂ ಸಲಕರಣೆಗಿಂತ ದೊಡ್ಡ ವಿದ್ಯೆ ಅಳಿವೆಯನ್ನು ಓದುವುದು. ನೇತ್ರಾವತಿ ಮತ್ತು ಫಲ್ಗುಣಿ ಕೂಡಿ ಕಡಲು ಸೇರುವ ಬೆಂಗ್ರೆ, ಶಾಂಭವಿ ಮತ್ತು ನಂದಿನಿ ಸೇರುವ ಸಸಿಹಿತ್ಲು, ಸ್ವರ್ಣಾ ಮತ್ತು ಸೀತಾ ಸೇರುವ ಕೋಡಿ ಬೆಂಗ್ರೆ, ಇವು ಯಾವುವೂ ಕಳೆದ ವರ್ಷ ಇದ್ದಂತೆ ಈ ವರ್ಷ ಇರುವುದಿಲ್ಲ. ಮಳೆಗಾಲದ ಪ್ರವಾಹ ಮತ್ತು ತೆರೆಗಳು ಮರಳದಿಬ್ಬಗಳನ್ನು ಸರಿಸಿ, ಹಳೆಯ ಕಾಲುವೆಗಳನ್ನು ಮುಚ್ಚಿ, ಹೊಸದನ್ನು ಕೊರೆದಿರುತ್ತವೆ. ಎಲ್ಲವನ್ನೂ ಸುತ್ತುವ ಬದಲು ಒಂದನ್ನು ಆರಿಸಿಕೊಂಡು, ಸೆಪ್ಟೆಂಬರ್ ಕೊನೆಯಲ್ಲಿ ಪೂರ್ಣ ಇಳಿತದ ಹೊತ್ತಿಗೆ ರಾಡ್ ಇಲ್ಲದೆ ನಡೆದು, ಎಲ್ಲಿ ತಗ್ಗಿದೆ, ಎಲ್ಲಿ ದಿಬ್ಬದ ಅಂಚು ಥಟ್ಟನೆ ಆಳಕ್ಕೆ ಇಳಿಯುತ್ತದೆ, ಯಾವ ಕಾಂಡ್ಲಾ ತೋಡು ಎಲ್ಲಿ ಹೊಳೆಗೆ ಬೀಳುತ್ತದೆ ಎಂಬುದನ್ನು ನಕ್ಷೆ ಬರೆದಿಟ್ಟುಕೊಳ್ಳಿ. ನೀರು ತುಂಬಿದ ಮೇಲೆ ಅದೆಲ್ಲ ಕಾಣುವುದಿಲ್ಲ, ಆದರೆ ಮೀನು ಇರುವುದು ಅಲ್ಲಿಯೇ.

ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಭರತಗಳ ಎತ್ತರ ಒಂದೇ ಅಲ್ಲ, ಮತ್ತು ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳೆತ ಜೋರು. ಭರತದಲ್ಲಿ ಕಾಂಡ್ಲಾ ಬುಡಗಳೊಳಗೆ ಹೋದ ಎಟ್ಟಿ ಮತ್ತು ಮರಿಮೀನುಗಳು ಇಳಿತ ಶುರುವಾದಾಗ ತೋಡಿನ ಬಾಯಿಂದ ಹೊರಬರಲೇಬೇಕು, ಬೇಟೆಯ ಮೀನು ಅಲ್ಲೇ ಕಾದಿರುತ್ತದೆ. ಆದ್ದರಿಂದ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುವ ಭರತ-ಇಳಿತದ ಮುನ್ಸೂಚನೆ ನೋಡಿ, ನಸುಕಿನಲ್ಲಿ ಇಳಿತ ಆರಂಭವಾಗುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿ. ಬೀಸುಬಲೆಯವರೊಂದಿಗೆ ಮಾತಾಡಿ, ತೋಡಿನ ಗುಣವನ್ನು ಅವರಷ್ಟು ಬಲ್ಲವರಿಲ್ಲ, ಮತ್ತು ಆ ನೀರು ಅವರ ಜೀವನೋಪಾಯವಾದ್ದರಿಂದ ಅವರ ಬಲೆಯ ಹತ್ತಿರ ಎಸೆಯದಿರುವುದು ನಮ್ಮ ಕರ್ತವ್ಯ.

ಹೊಸಬರು ಕಾಣೆಯಿಂದ ಆರಂಭಿಸಲಿ. ಮರಳ ತಳದಲ್ಲಿ ಹುಳು, ಎಟ್ಟಿ ತಿನ್ನುವ ಈ ಮೀನಿಗೆ 5 ಅಥವಾ 6ನೆಯ ತೂಕದ ರಾಡ್, ಸಣ್ಣ ಕ್ಲೌಸರ್ ಸಾಕು. ಪಂಜರ ಕೃಷಿಯವರು ಸೀಬಾಸ್ ಎನ್ನುವ ಕುರುಡಿ ಬೇರೆಯೇ ಮಾತು: ಅದರ ಕಿವಿರು ಮುಚ್ಚಳದ ಅಂಚು ಹರಿತ, ಬಾಯಿ ಒರಟು, ಹೀಗಾಗಿ ಲೀಡರಿನ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ತುದಿಗೆ 30ರಿಂದ 40 ಪೌಂಡಿನ ಎಳೆತ ತಾಳುವ ದಪ್ಪ ನೈಲಾನ್ ತುಂಡು ಬೇಕೇ ಬೇಕು. ಕಚ್ಚಿದಾಗ ರಾಡನ್ನು ಮೇಲೆತ್ತದೆ, ಎಡಗೈಯಿಂದ ಲೈನನ್ನು ನೇರವಾಗಿ ಜಗ್ಗಿ ಕೊಕ್ಕೆ ನಾಟಿಸಬೇಕು. ಕುರುಡಿ ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುವ ಮೀನು. ದೊಡ್ಡದು ಸಿಕ್ಕಿದರೆ ಅದು ಬಹುಮಟ್ಟಿಗೆ ಮೊಟ್ಟೆಯಿಡುವ ಹೆಣ್ಣೇ ಆಗಿರುವುದರಿಂದ ಅದನ್ನು ನೀರಿನಲ್ಲೇ ಹಿಡಿದು ಬಿಡಿಸಿ ಬಿಟ್ಟುಬಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮೇಲ್ಹೊಳೆಯ ಸಿಹಿನೀರಿಗೆ ಹೋಗುವವರು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಅನುಮತಿಯ ವಿಷಯ ವಿಚಾರಿಸಿಯೇ ಹೋಗಬೇಕು, ಶಿಶಿಲದಂಥ ದೇವರ ಮೀನುಗಳ ತಾಣಗಳ ಹತ್ತಿರವೂ ಸುಳಿಯಬಾರದು.

ನೀರಿಗಿಳಿದಾಗ ಹೆಜ್ಜೆಯೆತ್ತಿ ಇಡದೆ ಪಾದವನ್ನು ಮರಳಿಗೆ ಉಜ್ಜುತ್ತ ಸಾಗಿದರೆ ತಳದಲ್ಲಿ ಮಲಗಿದ ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ದೂರ ಸರಿಯುತ್ತದೆ. ಮರಳು ತೆಗೆದ ಹೊಂಡಗಳು ಮೇಲಿನಿಂದ ತಿಳಿಯುವುದಿಲ್ಲ. ಇಳಿತದಲ್ಲಿ ನೀವೇ ನಡೆದು ನೋಡದ ಜಾಗದಲ್ಲಿ ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ. ಚಿತ್ತೆ, ಸ್ವಾತಿ ಮಳೆಗಳ ಸಂಜೆ ಸಿಡಿಲಿನವು, ಕಾರ್ಬನ್ ರಾಡ್ ವಿದ್ಯುತ್ತನ್ನು ಹಾಯಿಸುತ್ತದೆ, ಆದ್ದರಿಂದ ದೂರದ ಗುಡುಗು ಕೇಳಿಸಿದೊಡನೆ ರಾಡ್ ಕೆಳಗಿಟ್ಟು ಕಟ್ಟಡದೊಳಗೆ ಸೇರಿಕೊಳ್ಳಬೇಕು. ಮನೆಗೆ ಬಂದ ಕೂಡಲೇ ರೀಲ್, ರಾಡಿನ ಬಳೆ, ಬಳಸಿದ ಫ್ಲೈಗಳನ್ನು ಸಿಹಿನೀರಿನಲ್ಲಿ ತೊಳೆದು, ಫ್ಲೈಗಳು ಪೂರ್ತಿ ಒಣಗಿದ ಮೇಲೆಯೇ ಡಬ್ಬಿಗೆ ಹಾಕಿ. ಒಂದು ಒದ್ದೆ ಕೊಕ್ಕೆ ಡಬ್ಬಿಯಲ್ಲಿರುವ ಉಳಿದ ಕೊಕ್ಕೆಗಳಿಗೂ ತುಕ್ಕು ಹಿಡಿಸುತ್ತದೆ.